ಇಪ್ಪತ್ತು ಲಕ್ಷ ಬರಬೇಕಿತ್ತು: ಆಪರೇಟಿಂಗ್ ಸಿಸ್ಟಮ್ ಲ್ಯಾಬ್‌ನ ಒಂದು ಪ್ರಕರಣ

ಮೊದಲ ಇಂಟರ್ನಲ್ಸ್‌ನಲ್ಲಿ ಒಂದು ಪ್ರಶ್ನೆ ಕೇಳಿದ್ದೆ: ರೇಸ್ ಕಂಡಿಷನ್ ಎಂದರೇನು, ಉದಾಹರಣೆ ಕೊಟ್ಟು ವಿವರಿಸಿ. ಬಹುತೇಕ ಎಲ್ಲರೂ ಚೆನ್ನಾಗಿಯೇ ಬರೆದಿದ್ದರು. ಎರಡು ಪ್ರೊಸೆಸ್‌ಗಳು (ಓಡುತ್ತಿರುವ ಪ್ರೋಗ್ರಾಮ್‌ಗಳು) ಒಂದೇ ಡೇಟಾಗೆ ಒಟ್ಟಿಗೆ ಕೈ ಹಾಕಿದಾಗ, ಯಾವುದು ಮೊದಲು ಓಡುತ್ತದೆ ಎನ್ನುವುದರ ಮೇಲೆ ಉತ್ತರವೇ ಬದಲಾಗುವ ಸ್ಥಿತಿ. ಕೆಲವರು ಕ್ರಿಟಿಕಲ್ ಸೆಕ್ಷನ್‌ನ (ಒಂದು ಸಲಕ್ಕೆ ಒಬ್ಬರೇ ಇರಬೇಕಾದ ಕೋಡ್ ಭಾಗದ) ಚಿತ್ರ ಬರೆದು, ಸ್ಕೇಲ್ ಇಟ್ಟು ಬಾಕ್ಸ್ ಕೂಡ ಹಾಕಿದ್ದರು. ಮಾರ್ಕ್ಸ್ ಕಟ್ ಮಾಡಲು ಕಾರಣವೇ ಇರಲಿಲ್ಲ. ಪೂರ್ತಿ ಕೊಟ್ಟೆ.

ಮುಂದಿನ ವಾರ ಲ್ಯಾಬ್‌ನಲ್ಲಿ ಅದೇ ಮಕ್ಕಳ ಕಣ್ಣೆದುರು ರೇಸ್ ಕಂಡಿಷನ್ ಬಂದು ನಿಂತಿತು. ಒಬ್ಬರೂ ಗುರುತು ಹಿಡಿಯಲಿಲ್ಲ.

ಆ ಲ್ಯಾಬ್‌ನಲ್ಲಿ ಮತ್ತು ಅದಾದ ಮೇಲೆ ನಡೆದದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಈ ವಿಷಯ ಪಾಠ ಮಾಡುವವರಿಗೆ ಕೆಲಸಕ್ಕೆ ಬರಬಹುದು. ಓದುತ್ತಿರುವ ಮಕ್ಕಳಿಗೂ ಬರಬಹುದು.

ನಮ್ಮದು ತುಮಕೂರು ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜು. ಎರಡನೇ ವರ್ಷದ ಕಂಪ್ಯೂಟರ್ ಸೈನ್ಸ್ ಮಕ್ಕಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವರು ಸಾಕಷ್ಟು ಜನ ಇದ್ದಾರೆ. ಲ್ಯಾಬ್‌ನ ಮೆಷಿನ್‌ಗಳಲ್ಲಿ ಉಬುಂಟು ಇದೆ. ಕೆಲವರು ಸ್ವಂತ ಲ್ಯಾಪ್‌ಟಾಪ್ ತಂದು, ವಿಂಡೋಸ್ ಒಳಗೆ ವರ್ಚುವಲ್ ಮೆಷಿನ್ ಹಾಕಿಕೊಂಡು ಅದರಲ್ಲಿ ಲಿನಕ್ಸ್ ನಡೆಸುತ್ತಾರೆ. ಈ ಕೊನೆಯ ಮಾತು ಮುಂದೆ ಮುಖ್ಯವಾಗುತ್ತದೆ.

ಲ್ಯಾಬ್ ಪಟ್ಟಿಯಲ್ಲಿ ಇರುವುದು ಎಲ್ಲರಿಗೂ ಗೊತ್ತಿರುವ ಪ್ರೋಗ್ರಾಮ್‌ಗಳೇ, ಯಾವ ಕೆಲಸಕ್ಕೆ ಸಿಪಿಯು ಯಾವಾಗ ಸಿಗಬೇಕು ಎನ್ನುವ ಸರದಿಯ ಲೆಕ್ಕಗಳು. ಮೊದಲು ಬಂದವನಿಗೆ ಮೊದಲು, ಚಿಕ್ಕ ಕೆಲಸಕ್ಕೆ ಮೊದಲು, ರೌಂಡ್ ರಾಬಿನ್. ಬರ್ಸ್ಟ್ ಟೈಮ್ (ಪ್ರತಿ ಕೆಲಸಕ್ಕೆ ಬೇಕಾದ ಸಿಪಿಯು ಹೊತ್ತು) ಟೈಪ್ ಮಾಡಬೇಕು, ಅರೇಗಳಲ್ಲಿ ಕೂಡಿಸಿ ಕಳೆಯಬೇಕು, ಸರಾಸರಿ ವೇಟಿಂಗ್ ಟೈಮ್ ಪ್ರಿಂಟ್ ಮಾಡಬೇಕು. ಆ ಪ್ರೋಗ್ರಾಮ್ ಓಡುತ್ತಿರುವಾಗ ಕೆಳಗೆ ಲಿನಕ್ಸ್ ನಿಜವಾಗಿಯೂ ನೂರಾರು ಪ್ರೊಸೆಸ್‌ಗಳನ್ನು ನಿಭಾಯಿಸುತ್ತಾ, ಅವಕ್ಕೆ ಸರದಿ ಹಂಚುತ್ತಿರುತ್ತದೆ. ಅದನ್ನು ಮಾತ್ರ ಯಾರೂ ನೋಡುವುದಿಲ್ಲ. ಈ ಕೊರಗು ನನಗೆ ತುಂಬಾ ದಿನದಿಂದ ಇತ್ತು. ಅದಕ್ಕೇ ಪಟ್ಟಿಯಲ್ಲಿ ಇಲ್ಲದ ಒಂದು ಚಿಕ್ಕ ಪ್ರೋಗ್ರಾಮ್ ಸೇರಿಸಿದೆ.

ಪ್ರೋಗ್ರಾಮ್ ಮತ್ತು ತಪ್ಪು ಉತ್ತರ

ಇಪ್ಪತ್ತೈದು ಸಾಲೂ ಇಲ್ಲ. ‘ಕೌಂಟರ್’ ಅಂತ ಒಂದು ಗ್ಲೋಬಲ್ ವೇರಿಯಬಲ್, ಶುರುವಿನಲ್ಲಿ 0. ಎರಡು ಥ್ರೆಡ್‌ಗಳು, ಅಂದರೆ ಒಂದೇ ಪ್ರೋಗ್ರಾಮ್‌ನೊಳಗೆ ಒಟ್ಟಿಗೆ ಓಡುವ ಎರಡು ಕೆಲಸಗಳು. ಪ್ರತಿಯೊಂದೂ 10 ಲಕ್ಷ ಸಲ ‘ಕೌಂಟರ್++’ ಮಾಡುತ್ತದೆ, ಅಂದರೆ ಕೌಂಟರ್‌ಗೆ ಒಂದು ಕೂಡಿಸುತ್ತದೆ. ಎರಡೂ ಮುಗಿಯುವವರೆಗೆ ಕಾದು, ಕೊನೆಗೆ ಕೌಂಟರ್ ಎಷ್ಟಾಯಿತು ಅಂತ ಪ್ರಿಂಟ್ ಮಾಡಬೇಕು.

ರನ್ ಮಾಡುವ ಮುಂಚೆ, ಏನು ಉತ್ತರ ಬರುತ್ತದೆ ಅಂತ ನೋಟ್‌ಬುಕ್‌ನಲ್ಲಿ ಬರೆಯಲು ಹೇಳಿದೆ. ಎಲ್ಲರೂ 20,00,000 ಬರೆದರು. ಇದನ್ನು ಬರೆಸದೆ ಇದ್ದರೆ ಮುಂದಿನದು ನಡೆಯುವುದಿಲ್ಲ. ಕೈಯಾರೆ ಬರೆದ ಮೇಲೆ ತಾನೇ ಅದು ತಮ್ಮ ಮಾತಾಗುವುದು.

ಎಂಟರ್ ಒತ್ತಿದರು. ಒಬ್ಬನಿಗೆ 11,34,872. ಪಕ್ಕದವನಿಗೆ 10,48,213. ಮತ್ತೆ ಒತ್ತಿದರೆ ಬೇರೆ ನಂಬರ್. ಇನ್ನೊಮ್ಮೆ ಒತ್ತಿದರೆ ಇನ್ನೊಂದು.

“ಮೇಡಂ, ಈ ಸಿಸ್ಟಮ್ ಸರಿ ಇಲ್ಲ” ಅಂತ ಒಬ್ಬ ಎದ್ದು ಬೇರೆ ಮೆಷಿನ್‌ಗೆ ಹೋದ. ಅಲ್ಲೂ ಅದೇ ಕಥೆ. ಇನ್ನೊಬ್ಬಳು ಸಂಖ್ಯೆ ಹಿಡಿಯಲು ಇಂಟ್ ಸಾಲುತ್ತಿಲ್ಲವೇನೋ ಅಂತ ಅದಕ್ಕಿಂತ ದೊಡ್ಡ ಲಾಂಗ್ ಮಾಡಿದಳು. 20 ಲಕ್ಷ ಇಂಟ್‌ನಲ್ಲಿ ಆರಾಮಾಗಿ ಹಿಡಿಯುತ್ತದೆ. ಆದರೂ ಒಂದು ಅನುಮಾನ ಹಿಡಿದು ಪರೀಕ್ಷೆ ಮಾಡಿದಳಲ್ಲ, ಅದು ನನಗೆ ಇಷ್ಟವಾಯಿತು. ಮೂರನೆಯವನು ಥ್ರೆಡ್ ಮುಗಿಯುವ ಮುಂಚೆಯೇ ಪ್ರಿಂಟ್ ಆಗುತ್ತಿದೆಯಾ ಅಂತ ನೋಡಿದ. ಒಳ್ಳೆಯ ಅನುಮಾನ, ಆದರೆ ಥ್ರೆಡ್ ಮುಗಿಯುವವರೆಗೆ ಕಾಯಿಸುವ ಜಾಯಿನ್ ಸರಿಯಾಗಿಯೇ ಇತ್ತು.

ಹದಿನೈದು ನಿಮಿಷ ನಾನು ಬಾಯಿ ಬಿಡಲಿಲ್ಲ. ಸುಮ್ನೆ ನಿಲ್ಲುವುದು ನನ್ನಂಥವಳಿಗೆ ಕಷ್ಟ. ಯಾರಾದರೂ ಒಬ್ಬರು ‘ರೇಸ್ ಕಂಡಿಷನ್’ ಅಂದಾರು ಅಂತ ಕಾಯುತ್ತಿದ್ದೆ. ಅನ್ನಲಿಲ್ಲ. ಕೊನೆಗೆ ನಾನೇ ಕೇಳಿದೆ: “ಹೋದ ವಾರ ಉತ್ತರ ಪತ್ರಿಕೆಯಲ್ಲಿ ಇದನ್ನೇ ಬರೆದಿದ್ರಲ್ವಾ?” ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು.

ಅಷ್ಟರಲ್ಲಿ ಮೂರು ಜನ ಕೈ ಎತ್ತಿದರು. “ನಮ್ಮದರಲ್ಲಿ ಸರಿಯಾಗೇ ಬರ್ತಿದೆ ಮೇಡಂ.” ಹೋಗಿ ನೋಡಿದೆ, ಹೌದು. ಒಬ್ಬಳದು ಎಷ್ಟು ಸಲ ಒತ್ತಿದರೂ 20,00,000. ಈ ಮೂವರಿಂದಲೇ ಆ ದಿನದ ಪಾಠ ಬೆಳೆಯಿತು. ಆದರೆ ಅವರನ್ನು ಸ್ವಲ್ಪ ಹೊತ್ತು ಕಾಯಿಸಿದೆ. ಮೊದಲು ತಪ್ಪು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗಬೇಕಿತ್ತು.

ಬೋರ್ಡಿನ ಮೇಲೆ 7

‘ಕೌಂಟರ್++’ ನೋಡಲು ಒಂದೇ ಕೆಲಸ. ಸಿಪಿಯು ಮಟ್ಟಿಗೆ ಅದು ಮೂರು. ಮೆಮೊರಿಯಿಂದ ರಿಜಿಸ್ಟರ್‌ಗೆ (ಸಿಪಿಯು ಒಳಗಿನ ಪುಟ್ಟ ಜಾಗಕ್ಕೆ) ತರುವುದು, ರಿಜಿಸ್ಟರ್‌ನಲ್ಲಿ ಒಂದು ಕೂಡಿಸುವುದು, ವಾಪಸ್ ಮೆಮೊರಿಯಲ್ಲಿ ಇಡುವುದು. ಕಂಪೈಲರ್ ಜಿಸಿಸಿಗೆ ಹೇಳಿ, ಸಿಪಿಯು ಸೂಚನೆಗಳನ್ನು ಒಂದೊಂದೇ ಸಾಲಾಗಿ ತೋರಿಸುವ ಅಸೆಂಬ್ಲಿ ಫೈಲ್ ತೆಗೆಸಿ ಆ ಮೂರು ಸಾಲುಗಳನ್ನು ತೋರಿಸಿದೆ. ನೋಡಿದರು, ತಲೆ ಆಡಿಸಿದರು. ಮನಸ್ಸಿಗೆ ಇಳಿದಿಲ್ಲ ಅಂತ ಮುಖದಲ್ಲೇ ಕಾಣುತ್ತಿತ್ತು.

ಬೋರ್ಡಿನ ಮೇಲೆ ದೊಡ್ಡದಾಗಿ 7 ಬರೆದೆ. ಇದು ಮೆಮೊರಿ. ಒಬ್ಬ ಹುಡುಗ, ಒಬ್ಬಳು ಹುಡುಗಿಯನ್ನು ಕರೆದು ಇಬ್ಬರ ಕೈಗೂ ಒಂದೊಂದು ಚೀಟಿ ಕೊಟ್ಟೆ. ಚೀಟಿ ಅಂದರೆ ರಿಜಿಸ್ಟರ್. ನಿಯಮ ಇಷ್ಟೇ: ಬೋರ್ಡಿನ ನಂಬರ್ ನೋಡಿ ಚೀಟಿಯಲ್ಲಿ ಬರೆದುಕೋ, ಚೀಟಿಯಲ್ಲೇ ಒಂದು ಕೂಡಿಸು, ಬಂದದ್ದನ್ನು ಬೋರ್ಡಿನ ಮೇಲೆ ಬರೆ. ಬೋರ್ಡಿನಲ್ಲೇ ಲೆಕ್ಕ ಮಾಡುವ ಹಾಗಿಲ್ಲ. ಮೂರನೆಯವನೊಬ್ಬ ಹಿಂದಿನ ಬೆಂಚಿನಲ್ಲಿ ಕಣ್ಣು ಮುಚ್ಚಿ ಕೂರಬೇಕು, ಮನಸ್ಸು ಬಂದಾಗ ಚಪ್ಪಾಳೆ ತಟ್ಟಬೇಕು. ಅದು ಟೈಮರ್ ಇಂಟರಪ್ಟ್. ಚಪ್ಪಾಳೆ ಕೇಳಿದ ತಕ್ಷಣ ಕೆಲಸ ಮಾಡುತ್ತಿದ್ದವರು ಎಲ್ಲಿದ್ದಾರೋ ಅಲ್ಲೇ ನಿಂತು, ಚೀಟಿ ಜೇಬಿಗೆ ಹಾಕಿಕೊಳ್ಳಬೇಕು. ಇನ್ನೊಬ್ಬರು ಶುರು ಮಾಡಬೇಕು.

ಹುಡುಗ 7 ನೋಡಿ ಚೀಟಿಯಲ್ಲಿ 7 ಬರೆದುಕೊಂಡ. ಚಪ್ಪಾಳೆ. ಅವನು ನಿಂತ. ಹುಡುಗಿ ಬಂದಳು. 8 ಮಾಡಿದಳು, 9 ಮಾಡಿದಳು, 10, 11, 12. ಪ್ರತಿ ಸಲವೂ ಒರೆಸಿ ಹೊಸದಾಗಿ ಬರೆಯುತ್ತಿದ್ದಳು. ಕೈಯೆಲ್ಲ ಸೀಮೆಸುಣ್ಣ. ಚಪ್ಪಾಳೆ. ಹುಡುಗ ಜೇಬಿನಿಂದ ಚೀಟಿ ತೆಗೆದ. ಅದರಲ್ಲಿ 7 ಇತ್ತು. ಒಂದು ಕೂಡಿಸಿದ. ಬೋರ್ಡಿನ 12 ಒರೆಸಿ 8 ಬರೆದ.

ಕ್ಲಾಸ್ ಒಂದು ಕ್ಷಣ ಸದ್ದೇ ಇಲ್ಲ. ಆಮೇಲೆ ಹುಡುಗಿಯೇ ಕೂಗಿದಳು, “ಅಯ್ಯೋ, ನಾನು ಮಾಡಿದ್ದೆಲ್ಲ ಹೋಯ್ತು!”

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಿದೆ. ಇದು ಆಪರೇಟಿಂಗ್ ಸಿಸ್ಟಮ್‌ನ ತಪ್ಪಲ್ಲ. ಹುಡುಗನ ಚೀಟಿಯನ್ನು ಜೋಪಾನವಾಗಿ ಎತ್ತಿಟ್ಟು, ಸರದಿ ಬಂದಾಗ ಇದ್ದ ಹಾಗೇ ವಾಪಸ್ ಕೊಡುವುದು ಅದರ ಕೆಲಸ. ಅದನ್ನೇ ಕಾಂಟೆಕ್ಸ್ಟ್ ಸ್ವಿಚ್ ಅನ್ನುವುದು. ಅದು ತನ್ನ ಕೆಲಸ ಸರಿಯಾಗಿ ಮಾಡಿದ್ದಕ್ಕೇ ಹಳೆಯ 7 ತಿರುಗಿ ಬಂತು. ಚೀಟಿಯಲ್ಲಿ ಇರುವುದು ಹಳೆಯ ಸುದ್ದಿ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಹೇಳಬೇಕಾದವರು ಪ್ರೋಗ್ರಾಮ್ ಬರೆದ ನಾವು.

ಲ್ಯಾಬ್ ಮೆಷಿನ್‌ಗಳಲ್ಲಿ ಕೋರ್‌ಗಳು, ಅಂದರೆ ಸಿಪಿಯು ಒಳಗೆ ತಾವೇ ಕೆಲಸ ಮಾಡುವ ಘಟಕಗಳು, ಒಂದಕ್ಕಿಂತ ಜಾಸ್ತಿ. ಹಾಗಾಗಿ ಅಲ್ಲಿ ಚಪ್ಪಾಳೆಯೂ ಬೇಡ. ಇಬ್ಬರೂ ಏಕಕಾಲಕ್ಕೆ ಬೋರ್ಡ್ ಮುಂದೆ ನಿಂತು, ಒಂದೇ 7 ನೋಡಿ, ಇಬ್ಬರೂ 8 ಬರೆಯುತ್ತಾರೆ. ಎರಡು ಸಲ ಕೂಡಿಸಿದ್ದು ಒಂದೇ ಸಲ ಲೆಕ್ಕಕ್ಕೆ ಬರುತ್ತದೆ. ಅದಕ್ಕೇ ಲಕ್ಷಗಟ್ಟಲೆ ಕಾಣೆಯಾದದ್ದು.

ಆಗ ಹಿಂದಿನಿಂದ ಒಬ್ಬ, ಅಷ್ಟಾಗಿ ಮಾತಾಡದ ಹುಡುಗ, ಎದ್ದು ಹೇಳಿದ: “ನಮ್ಮಪ್ಪ ಊರಲ್ಲಿ ಹಾಲಿನ ಡೇರಿ ನೋಡ್ಕೋತಾರೆ ಮೇಡಂ. ಬುಕ್ಕು ಒಬ್ಬರ ಕೈಯಲ್ಲೇ ಇರಬೇಕು ಅಂತಾರೆ. ಇಬ್ಬರು ಬರೆದ್ರೆ ತಿಂಗಳ ಕೊನೆಗೆ ಲೀಟರ್ ಲೆಕ್ಕ ಕೂಡಲ್ಲ.” ಲಾಕ್ ಎಂಬ ಪದ ನಾನಿನ್ನೂ ಹೇಳಿಯೇ ಇರಲಿಲ್ಲ. ಅವನ ಉತ್ತರ ಪತ್ರಿಕೆ ನನಗೆ ನೆನಪಿತ್ತು. ರೇಸ್ ಕಂಡಿಷನ್‌ಗೆ ಬರೆದದ್ದು ನಾಲ್ಕೇ ಸಾಲು ಇಂಗ್ಲಿಷ್, ಅದೂ ಬಾಯಿಪಾಠದ್ದು. ಆವತ್ತಿನಿಂದ ಬೋರ್ಡಿಗೆ ಬಂದವರು ಕನ್ನಡದಲ್ಲೇ ಹೇಳಲಿ, ಇಂಗ್ಲಿಷ್ ಆಮೇಲೆ ನಾನು ಬರೆಸುತ್ತೇನೆ ಅಂತ ನಿಯಮ ಮಾಡಿದೆ.

ಸರಿ ಉತ್ತರ ಬಂದ ಮೂವರು

ಈಗ ಅವರ ಹತ್ತಿರ ಹೋದೆವು. ಇಡೀ ಕ್ಲಾಸ್ ಒಂದೊಂದೇ ಮೆಷಿನ್ ಸುತ್ತ ನಿಂತಿತು.

ಮೊದಲನೆಯವನು 10 ಲಕ್ಷದ ಬದಲು 1,000 ಅಂತ ಟೈಪ್ ಮಾಡಿದ್ದ. ಅವನಿಗೆ ಬಂದಿದ್ದೂ 2,000, ಅವನ ಲೆಕ್ಕಕ್ಕೆ ಸರಿ. ಸಾವಿರ ಸಲ ಕೂಡಿಸುವುದು ಸಿಪಿಯುಗೆ ಏನೇನೂ ಅಲ್ಲ. ಎರಡನೇ ಥ್ರೆಡ್ ಹುಟ್ಟಿ ಎದ್ದು ನಿಲ್ಲುವಷ್ಟರಲ್ಲಿ ಮೊದಲನೆಯದರ ಕೆಲಸ ಮುಗಿದಿರುತ್ತದೆ. ಜಗಳ ಆಗಲು ಇಬ್ಬರೂ ಒಟ್ಟಿಗೆ ಇರಬೇಕಲ್ಲ.

ಎರಡನೆಯವನದು ಲ್ಯಾಪ್‌ಟಾಪ್. ವರ್ಚುವಲ್ ಮೆಷಿನ್‌ಗೆ ಒಂದೇ ಕೋರ್ ಕೊಟ್ಟಿದ್ದ. ಅಲ್ಲಿ ಎರಡು ಥ್ರೆಡ್‌ಗಳು ಒಮ್ಮೆಗೇ ಓಡಲು ಸಾಧ್ಯವೇ ಇಲ್ಲ. ಸರದಿ ಬದಲಾದಾಗ ಮಾತ್ರ ತೊಂದರೆ, ಅದೂ ಆ ಮೂರು ಹೆಜ್ಜೆಗಳ ನಡುವೆಯೇ ಬದಲಾದರೆ. 10 ಲಕ್ಷ ಸಲ ಓಡುವುದಕ್ಕೆ ಕೆಲವೇ ಮಿಲಿಸೆಕೆಂಡ್ ಸಾಕು, ಒಂದು ಸರದಿಯಲ್ಲೇ ಮುಗಿದುಹೋಗುತ್ತಿತ್ತು. ಸಂಖ್ಯೆಯನ್ನು 10 ಕೋಟಿ ಮಾಡಿಸಿದೆ. ಕೆಲವು ಸಲ ಸರಿ ಬಂತು. ಒಂದು ಸಲ ತಪ್ಪಿತು, ಸಿಕ್ಕಾಪಟ್ಟೆ ತಪ್ಪಿತು. ಯಾಕೆ ಒಂದೆರಡು ಕಡಿಮೆಯಾಗದೆ ಲಕ್ಷಗಟ್ಟಲೆ ಹೋಯಿತು ಅಂತ ಕೇಳಿದೆ. ಬೋರ್ಡಿನ ಹುಡುಗಿ ತಕ್ಷಣ ಹೇಳಿದಳು: “ಅವನು ನಿಂತಿರೋವಾಗ ಇನ್ನೊಬ್ಬರು ಪೂರ್ತಿ ಸರದಿ ಕೆಲಸ ಮಾಡಿರ್ತಾರೆ. ಅಷ್ಟೂ ಒರೆಸಿ ಹೋಗುತ್ತೆ.” ಒಂದೇ ಕೋರ್ ಇದ್ದಲ್ಲಿ ತಪ್ಪು ಅಪರೂಪ, ಆದರೆ ಆದಾಗ ದೊಡ್ಡದು. ಇದು ನನ್ನ ನೋಟ್ಸ್‌ನಲ್ಲಿ ಇರಲಿಲ್ಲ. ಅವಳು ಕೈಯಾರೆ ಒರೆಸಿದ್ದರಿಂದ ಗೊತ್ತಾದದ್ದು.

ಮೂರನೆಯವಳದು ಇನ್ನೂ ಚೆಂದ. ಸೀನಿಯರ್ ಒಬ್ಬರ ಕಂಪೈಲ್ ಕಮಾಂಡ್ ಕಾಪಿ ಮಾಡಿಕೊಂಡಿದ್ದಳು, ಅದರಲ್ಲಿ ‘-ಓ2’ ಇತ್ತು. ಅಂದರೆ ಕೋಡ್ ವೇಗವಾಗಿ ಓಡುವ ಹಾಗೆ ತಿದ್ದು ಅಂತ ಕಂಪೈಲರ್‌ಗೆ ಹೇಳಿದಂತೆ. ಅವಳ ಅಸೆಂಬ್ಲಿ ತೆಗೆದು ನೋಡಿದರೆ ಲೂಪೇ ಇಲ್ಲ! 10 ಲಕ್ಷ ಸಲ ಒಂದೊಂದೇ ಕೂಡಿಸುವುದು ಯಾಕೆ ಅಂತ ಕಂಪೈಲರ್ ಒಂದೇ ಏಟಿಗೆ 10 ಲಕ್ಷ ಕೂಡಿಸಿಬಿಟ್ಟಿತ್ತು. ತಪ್ಪು ಇನ್ನೂ ಅಲ್ಲೇ ಇದೆ. ಆದರೆ ಇಬ್ಬರೂ ಬೋರ್ಡ್ ಮುಟ್ಟುವುದು ಒಂದೊಂದೇ ಸಲ, ಡಿಕ್ಕಿಯಾಗುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ.

ಮೂವರ ಪ್ರೋಗ್ರಾಮ್‌ಗಳೂ ತಪ್ಪು. ಮೂವರಿಗೂ ಸರಿ ಉತ್ತರ. “ನನ್ನ ಮೆಷಿನ್‌ನಲ್ಲಿ ಓಡ್ತಿದೆ” ಎನ್ನುವ ಮಾತು ಎಷ್ಟು ಟೊಳ್ಳು ಅಂತ ಇದಕ್ಕಿಂತ ಚೆನ್ನಾಗಿ ತೋರಿಸುವ ದಾರಿ ನನಗಂತೂ ಗೊತ್ತಿಲ್ಲ.

ಇಷ್ಟಾದ ಮೇಲೆ ಥೆರಾಕ್-25 ಕಥೆ ಹೇಳಿದೆ. ಕ್ಯಾನ್ಸರ್ ರೋಗಿಗಳಿಗೆ ರೇಡಿಯೇಷನ್ ಕೊಡುವ ಯಂತ್ರ. 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾದಲ್ಲಿ ಆರು ಜನರಿಗೆ ಮಿತಿಮೀರಿದ ರೇಡಿಯೇಷನ್ ಬಿತ್ತು. ಟೆಕ್ಸಾಸ್‌ನ ಟೈಲರ್ ಊರಿನಲ್ಲಿ 1986ರ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಎರಡು ಪ್ರಕರಣ. ಎರಡರಲ್ಲೂ ಆಪರೇಟರ್ ಒಬ್ಬರೇ. ಅವರ ಕೈ ತುಂಬಾ ಚುರುಕು. ಎಲೆಕ್ಟ್ರಾನ್ ಬದಲು ಎಕ್ಸ್-ರೇ ಅಂತ ತಪ್ಪಾಗಿ ಒತ್ತಿ, ಮೇಲಕ್ಕೆ ಹೋಗಿ ತಿದ್ದಿ, ಸುಮಾರು 8 ಸೆಕೆಂಡಿನೊಳಗೆ ಮುಗಿಸಿಬಿಡುತ್ತಿದ್ದರು. ಯಂತ್ರದ ಒಳಗಿನ ಮ್ಯಾಗ್ನೆಟ್‌ಗಳು ಸಿದ್ಧವಾಗಲು ಅಷ್ಟೇ ಹೊತ್ತು ಬೇಕಿತ್ತು. ಆ ಹೊತ್ತಿನಲ್ಲಿ ಮಾಡಿದ ತಿದ್ದುಪಡಿ ಸಾಫ್ಟ್‌ವೇರ್‌ನ ಒಂದು ಭಾಗಕ್ಕೆ ಗೊತ್ತಾಗುತ್ತಿತ್ತು, ಇನ್ನೊಂದಕ್ಕೆ ಗೊತ್ತಾಗುತ್ತಿರಲಿಲ್ಲ. ಇದೂ ರೇಸ್ ಕಂಡಿಷನ್ನೇ. ಮೊದಲ ಘಟನೆಯ ನಂತರ ಬಂದ ಕಂಪನಿಯ ಇಂಜಿನಿಯರ್‌ಗಳು ಎಷ್ಟು ಪ್ರಯತ್ನಿಸಿದರೂ ತಪ್ಪು ಮರುಕಳಿಸಲಿಲ್ಲ. ಎರಡನೆಯದಾದ ಮೇಲೆ ಆಸ್ಪತ್ರೆಯ ಭೌತವಿಜ್ಞಾನಿ ಆ ಆಪರೇಟರ್ ಜೊತೆ ಕೂತು, ಟೈಪ್ ಮಾಡುವ ವೇಗವನ್ನೇ ಅಭ್ಯಾಸ ಮಾಡಿ ತಪ್ಪನ್ನು ಹೊರಗೆ ತಂದರು. ಆ ಇಬ್ಬರೂ ರೋಗಿಗಳು ಉಳಿಯಲಿಲ್ಲ.

‘-ಓ2’ ಹುಡುಗಿ ತನ್ನ ಸ್ಕ್ರೀನ್ ಮೇಲಿನ 20,00,000 ನೋಡುತ್ತಾ ತುಂಬಾ ಹೊತ್ತು ಕೂತಿದ್ದಳು.

ಸರಿಪಡಿಸುವ ಪ್ರಯತ್ನಗಳು

ಮ್ಯೂಟೆಕ್ಸ್, ಅಂದರೆ ಒಂದು ಸಲಕ್ಕೆ ಒಂದೇ ಥ್ರೆಡ್ಡನ್ನು ಒಳಗೆ ಬಿಡುವ ಲಾಕ್, ಬಳಸಿ ಸರಿಪಡಿಸಿ ಅಂತ ಬಿಟ್ಟೆ. ಏನೇನು ಬಂತು ನೋಡಿ.

ಒಬ್ಬಳು ಎಲ್ಲೋ ಓದಿ ಕೌಂಟರ್ ಮುಂದೆ ‘ವೊಲಟೈಲ್’ ಸೇರಿಸಿದಳು. ಇವಳೇ ಆ ‘-ಓ2’ ಹುಡುಗಿ. ಅಲ್ಲಿಯವರೆಗೆ ಸರಿ ಬರುತ್ತಿದ್ದ ಉತ್ತರ ಈಗ ತಪ್ಪಾಯಿತು. ಪ್ರತಿ ಸಲವೂ ಮೆಮೊರಿಯಿಂದಲೇ ಓದಿ ಮೆಮೊರಿಗೇ ಬರೆ ಅಂತ ಹೇಳಿದ್ದರಿಂದ ಲೂಪ್ ವಾಪಸ್ ಬಂತು, ಅದರ ಜೊತೆ ಜಗಳವೂ ಬಂತು. ವೊಲಟೈಲ್ ಮೂರು ಹೆಜ್ಜೆಗಳನ್ನು ಒಂದು ಮಾಡುವುದಿಲ್ಲ. ಇದನ್ನು ನಾನು ಬಾಯಲ್ಲಿ ಹೇಳಿದ್ದರೆ ಯಾರ ತಲೆಯಲ್ಲೂ ಉಳಿಯುತ್ತಿರಲಿಲ್ಲ.

ಇನ್ನೊಬ್ಬ ಮ್ಯೂಟೆಕ್ಸ್ ಅನ್ನು ಥ್ರೆಡ್‌ನ ಫಂಕ್ಷನ್ ಒಳಗೇ ಡಿಕ್ಲೇರ್ ಮಾಡಿದ್ದ. ಲಾಕ್ ಇದೆ, ಅನ್‌ಲಾಕ್ ಇದೆ, ಉತ್ತರ ಮಾತ್ರ ಮತ್ತೂ ತಪ್ಪು. ಎರಡು ಥ್ರೆಡ್‌ಗೂ ತಮ್ಮ ತಮ್ಮದೇ ಮ್ಯೂಟೆಕ್ಸ್. ಅವನಿಗೆ ಹೊಳೆಯಲಿ ಅಂತ ಕೇಳಿದೆ: “ಡೇರಿ ಬುಕ್ಕಿಗೆ ನೀನೊಂದು ಬೀಗ, ನಾನೊಂದು ಬೀಗ ತಂದು ನನ್ನ ಬೀಗ ನಾನು ತೆಗೆದುಕೊಂಡು ಬರೆದರೆ?” ನಕ್ಕು ಮೇಲಕ್ಕೆ ಒಯ್ದು ಗ್ಲೋಬಲ್ ಮಾಡಿದ.

ಸರಿ ಮಾಡಿದವರಲ್ಲೂ ಎರಡು ಗುಂಪು. ಕೆಲವರು ಲೂಪ್ ಒಳಗೆ, ಪ್ರತಿ ಕೂಡಿಕೆಗೂ ಲಾಕ್ ಹಾಕಿದರು. ಉತ್ತರ ಸರಿ, ಆದರೆ ‘ಟೈಮ್’ ಕಮಾಂಡ್‌ನಿಂದ ಅಳೆದರೆ ಮೊದಲಿಗಿಂತ ಹತ್ತು ಪಟ್ಟಿಗೂ ಜಾಸ್ತಿ ಹೊತ್ತು. ಉಳಿದವರು ಇಡೀ ಲೂಪ್‌ಗೇ ಒಂದು ಲಾಕ್ ಹಾಕಿದರು. ಬೇಗ ಮುಗಿಯಿತು. ಆದರೆ ಒಬ್ಬ ಪೂರ್ತಿ ಮುಗಿಸುವವರೆಗೆ ಇನ್ನೊಬ್ಬ ಬಾಗಿಲಲ್ಲೇ ನಿಂತಿದ್ದ. ಹಾಗಾದರೆ ಎರಡು ಥ್ರೆಡ್ ಯಾಕೆ ಬೇಕಿತ್ತು? ಇದರ ಮೇಲೆ ಅರ್ಧ ಗಂಟೆ ವಾದ ನಡೆಯಿತು. ಕೊನೆಗೆ, ಪ್ರತಿಯೊಬ್ಬರೂ ತಮ್ಮದೇ ಚೀಟಿಯಲ್ಲಿ ಪೂರ್ತಿ ಎಣಿಸಿ, ಕೊನೆಗೊಮ್ಮೆ ಮಾತ್ರ ಬೀಗ ತೆಗೆದು ಬುಕ್ಕಿಗೆ ಸೇರಿಸಿದರೆ ಸಾಕು ಎನ್ನುವುದು ಮಕ್ಕಳ ಬಾಯಿಂದಲೇ ಬಂತು.

ಎರಡನೇ ಇಂಟರ್ನಲ್ಸ್

ಈ ಸಲ ‘ವಿವರಿಸಿ’ ಕೇಳಲಿಲ್ಲ. ಲ್ಯಾಬ್‌ನಲ್ಲಿ ಒಬ್ಬನಿಗೆ 9,87,412 ಬಂದಿತ್ತು. “ಒಬ್ಬನ ಕೆಲಸ ಪೂರ್ತಿ ಹೋದರೂ ಇನ್ನೊಬ್ಬನ 10 ಲಕ್ಷ ಉಳಿಯಬೇಕಲ್ವಾ ಮೇಡಂ?” ಅಂತ ಕೇಳಿದ್ದ. ಅದನ್ನೇ ಪ್ರಶ್ನೆ ಮಾಡಿದೆ: ಎರಡು ಥ್ರೆಡ್, ಪ್ರತಿಯೊಂದೂ ಮೂರು ಸಲ ಕೂಡಿಸುತ್ತದೆ. ಲಾಕ್ ಇಲ್ಲ. ಕೊನೆಗೆ ಅತಿ ಕಡಿಮೆ ಎಷ್ಟು ಬರಬಹುದು? ಹೆಜ್ಜೆ ಹೆಜ್ಜೆಯಾಗಿ ತೋರಿಸಿ.

ಹೆಚ್ಚಿನವರು 3 ಅಂದರು. ಸರಿ ಉತ್ತರ 2. ಮೊದಲನೆಯವನು 0 ಓದಿ ನಿಲ್ಲುತ್ತಾನೆ. ಎರಡನೆಯವನು ಎರಡು ಸಲ ಕೂಡಿಸಿ 2 ಮಾಡುತ್ತಾನೆ. ಮೊದಲನೆಯವನು ತನ್ನ ಹಳೆಯ ಚೀಟಿಯಿಂದ 1 ಬರೆಯುತ್ತಾನೆ. ಎರಡನೆಯವನು ತನ್ನ ಕೊನೆಯ ಸರದಿಗೆ ಆ 1 ಓದಿ ನಿಲ್ಲುತ್ತಾನೆ. ಮೊದಲನೆಯವನು ಉಳಿದ ಎರಡು ಮುಗಿಸಿ 3 ಮಾಡುತ್ತಾನೆ. ಆಗ ಎರಡನೆಯವನು ಎದ್ದು 2 ಬರೆಯುತ್ತಾನೆ. ಮೂರರ ಜಾಗದಲ್ಲಿ 10 ಲಕ್ಷ ಇಟ್ಟರೂ ಅತಿ ಕಡಿಮೆ ಉತ್ತರ 2 ಮಾತ್ರ. ಬೋರ್ಡಿನ ಮೇಲೆ ಇದನ್ನು ಮಾಡಿ ತೋರಿಸಿದಾಗ ನಂಬಲು ಅವರಿಗೆ ಹೊತ್ತು ಹಿಡಿಯಿತು. ನನಗೂ ಮೊದಲ ಸಲ ಹಾಗೇ ಆಗಿತ್ತು.

3 ಅಂತ ಬರೆದವರಿಗೂ, ಹೆಜ್ಜೆಗಳು ಸರಿ ಇದ್ದರೆ, ಅರ್ಧಕ್ಕಿಂತ ಜಾಸ್ತಿ ಮಾರ್ಕ್ಸ್ ಕೊಟ್ಟೆ. ಮೊದಲ ಇಂಟರ್ನಲ್ಸ್‌ನಲ್ಲಿ ಅಚ್ಚುಕಟ್ಟಾಗಿ ಬಾಕ್ಸ್ ಹಾಕಿದ್ದ ಕೆಲವರು ಇಲ್ಲಿ ಖಾಲಿ ಬಿಟ್ಟಿದ್ದರು. ಅವರಿಗೆ ಒಂದು ಲ್ಯಾಬ್ ಸಾಕಾಗಿಲ್ಲ. ಅವರನ್ನು ಮುಂದಿನ ಸಲ ಬೋರ್ಡಿಗೆ ಕರೆಯಬೇಕು, ಕೂತು ನೋಡಿದರೆ ಆಗುವುದಿಲ್ಲ. ಸಮಯದ ಲೆಕ್ಕದಲ್ಲೂ ಎಡವಿದೆ. ಒಂದು ಲ್ಯಾಬ್‌ನಲ್ಲಿ ಮುಗಿಸುತ್ತೇನೆ ಅಂದುಕೊಂಡದ್ದು ಎರಡಾಯಿತು, ಪೇಜ್ ರಿಪ್ಲೇಸ್‌ಮೆಂಟ್ ಪ್ರೋಗ್ರಾಮ್‌ಗಳನ್ನು ಅವಸರದಲ್ಲಿ ಮಾಡಿಸಬೇಕಾಯಿತು. ಆದರೂ ಮುಂದಿನ ವರ್ಷ ಇದನ್ನು ಬಿಡುವುದಿಲ್ಲ.

ಎರಡನೇ ಲ್ಯಾಬ್ ಮುಗಿದು ಎಲ್ಲರೂ ಬ್ಯಾಗ್ ಎತ್ತಿಕೊಳ್ಳುತ್ತಿದ್ದಾಗ ಡೇರಿ ಹುಡುಗ ಬಾಗಿಲ ಹತ್ತಿರ ನಿಂತಿದ್ದ. “ಮೇಡಂ, ಲಾಕ್ ಕೂಡ ಮೆಮೊರಿಯಲ್ಲಿರೋ ಒಂದು ವೇರಿಯಬಲ್ ತಾನೆ? 0 ಇದ್ರೆ ಖಾಲಿ, 1 ಇದ್ರೆ ಯಾರೋ ಒಳಗಿದ್ದಾರೆ. ಇಬ್ಬರೂ ಒಟ್ಟಿಗೆ 0 ನೋಡಿಬಿಟ್ರೆ?”

1965ರಲ್ಲಿ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಇದೇ ತೊಡಕನ್ನು ಬಿಡಿಸಿ ಬರೆದಿದ್ದರು, ಬರೀ ಓದುವುದು ಮತ್ತು ಬರೆಯುವುದು ಇಷ್ಟನ್ನೇ ಬಳಸಿ. ಅದನ್ನು ಅವನಿಗೆ ಆಗ ಹೇಳಲಿಲ್ಲ. “ಬರೆದು ನೋಡು” ಅಂದೆ.

ಬರೆದ. ‘ಲಾಕ್ 1 ಇರುವವರೆಗೆ ಕಾಯಿ, ಆಮೇಲೆ 1 ಮಾಡು’ ಅಂತ ಎರಡೇ ಸಾಲು. ಅವನು ಹೆದರಿದಂತೆಯೇ ಆಯಿತು. 20 ಲಕ್ಷ ಬರಲಿಲ್ಲ, ಇಬ್ಬರೂ ಒಳಗೆ ನುಗ್ಗುತ್ತಿದ್ದರು. ಆಗ ಹಾರ್ಡ್‌ವೇರ್ ಕೊಡುವ ಎಕ್ಸ್‌ಚೇಂಜ್ ಸೂಚನೆ ತೋರಿಸಿದೆ. ಹಳೆಯದನ್ನು ಓದುವುದು, ಹೊಸದನ್ನು ಬರೆಯುವುದು, ಎರಡೂ ಒಂದೇ ಏಟಿಗೆ. ನಡುವೆ ಯಾವ ಕೋರ್ ಕೂಡ ಕೈ ಹಾಕಲು ಆಗುವುದಿಲ್ಲ. 1 ಹಾಕಿದಾಗ ಕೈಗೆ 0 ಬಂದರೆ ಬಾಗಿಲು ನಿನ್ನದು, 1 ಬಂದರೆ ಕಾಯಿ. ಆ ಎರಡು ಸಾಲುಗಳನ್ನು ಬದಲಾಯಿಸಿ ರನ್ ಮಾಡಿದ. 20,00,000. ಮತ್ತೆ ಮಾಡಿದ. 20,00,000.

ಸರಿ ಬಂತಲ್ಲ, ಇನ್ನೂ ಯಾಕೆ ಕೂತಿದ್ದೀಯಾ ಅಂತ ಕೇಳಿದೆ. “-ಓ2 ಹಾಕಿ ನೋಡ್ತೀನಿ ಮೇಡಂ. ಆಮೇಲೆ ಒಂದೇ ಕೋರ್‌ನಲ್ಲಿ. ಆಮೇಲೆ ಹತ್ತು ಥ್ರೆಡ್ ಬಿಟ್ಟು.”